ಮಗುವಿನ ಬರಹದಲ್ಲಿ ಕಾಗುಣಿತ ತಪ್ಪು ಜಾಸ್ತಿ ಇದ್ದರೆ: ದೋಷ ಎಲ್ಲಿದೆ ಎಂದು ಹುಡುಕುವ ಕೈಪಿಡಿ

ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಜಾಸ್ತಿಯಾದಾಗ ದೊಡ್ಡವರು ಸಾಮಾನ್ಯವಾಗಿ ಮಾಡುವುದು ಒಂದೇ ಕೆಲಸ. ತಪ್ಪಾದ ಪದವನ್ನು ಹತ್ತು ಸಲ ಬರೆಸುತ್ತಾರೆ. ಕೆಲವು ಸಲ ಇದರಿಂದ ಉಪಯೋಗ ಆಗುತ್ತದೆ. ಬಹಳ ಸಲ ಆಗುವುದಿಲ್ಲ. ಹತ್ತು ಸಲವೂ ಸರಿಯಾಗಿ ಬರೆದ ಮಗು ಮರುದಿನದ ಪ್ರಬಂಧದಲ್ಲಿ ಅದೇ ಪದವನ್ನು ಹಳೆಯ ತರವೇ ಬರೆದಿರುತ್ತದೆ. ಆಗ "ಗಮನ ಇಲ್ಲ", "ಸೋಮಾರಿ" ಅನ್ನುವ ಮಾತು ಬರುತ್ತದೆ. ಮಗುವಿಗೆ ಬರೆಯುವುದೆಂದರೇ ಬೇಡವಾಗುತ್ತದೆ.

ಒಂದು ಪದ ಸರಿಯಾಗಿ ಕಾಗದದ ಮೇಲೆ ಬರಬೇಕಾದರೆ ಹಲವು ಕೆಲಸ ನಡೆಯಬೇಕು. ಕಿವಿ ಧ್ವನಿಯನ್ನು ಬೇರೆ ಬೇರೆಯಾಗಿ ಹಿಡಿಯಬೇಕು. ಬಾಯಿ ಅದನ್ನೇ ಹೇಳಬೇಕು. ಆ ಧ್ವನಿಗೆ ಯಾವ ಅಕ್ಷರ, ಯಾವ ಗುರುತು ಎಂದು ನೆನಪಾಗಬೇಕು. ಗುರುತು ಎಲ್ಲಿ ಕೂರಬೇಕು ಎಂದು ಗೊತ್ತಿರಬೇಕು. ಕೇಳಿದ ಮಾತ್ರಕ್ಕೆ ತಿಳಿಯದ ಪದಗಳ ರೂಪ ತಲೆಯಲ್ಲಿ ಉಳಿದಿರಬೇಕು. ಇವುಗಳಲ್ಲಿ ಎಲ್ಲಿ ಕೊಂಡಿ ಬಿಟ್ಟಿದೆಯೋ ಅಲ್ಲೇ ಕೆಲಸ ಮಾಡಬೇಕು. ಕಿವಿಯಲ್ಲಿ ದೋಷ ಇರುವಾಗ ಕೈಗೆ ಶಿಕ್ಷೆ ಕೊಟ್ಟರೆ ಏನು ಪ್ರಯೋಜನ?

ಮೊದಲು ವಯಸ್ಸಿನ ಮಾತು. ಕನ್ನಡದಲ್ಲಿ 34 ವ್ಯಂಜನ. ಒಂದೊಂದಕ್ಕೂ ಕ ಕಾ ಕಿ ಕೀ ಎಂದು 15 ರೂಪ. ಅಲ್ಲಿಗೇ 510 ಆಯಿತು, ಒತ್ತಕ್ಷರ ಬೇರೆ. ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನ್ನಡದ ಅಕ್ಷರಗಳೆಲ್ಲ ಪೂರ್ತಿ ಕೈವಶವಾಗಲು ಮಕ್ಕಳಿಗೆ ನಾಲ್ಕನೆಯ ತರಗತಿವರೆಗೂ, ಅದರ ಆಚೆಗೂ ಸಮಯ ಹಿಡಿಯುತ್ತದೆ ಎಂದು ಕಂಡಿತ್ತು. ಆದ್ದರಿಂದ ಎರಡನೆಯ ತರಗತಿಯ ಮಗು ಒತ್ತಕ್ಷರ ತಪ್ಪಿದರೆ ಗಾಬರಿ ಬೇಡ. ಅದು ಕಲಿಕೆಯ ನಡುವಿನ ಹಂತ. ಕೆಳಗೆ ಹೇಳಿರುವ ತಪಾಸಣೆ ಮೂರನೆಯ ತರಗತಿ ದಾಟಿದ ಮಕ್ಕಳಿಗೆ ಹೆಚ್ಚು ಹೊಂದುತ್ತದೆ.

ತಪ್ಪನ್ನು ಎಣಿಸಬೇಡಿ, ಗುಂಪು ಮಾಡಿ

ಮಗು ತಾನಾಗೇ ಬರೆದ ಒಂದು ಪುಟ ತೆಗೆದುಕೊಳ್ಳಿ. ನೋಡಿ ಬರೆದದ್ದು ಬೇಡ. ಈ ಸಾಲುಗಳನ್ನು ನೋಡಿ:

"ನಾನು ಸಾಲೆಗೆ ಹೊದೆ. ಟಿಚರ್ ಹೊಸ ಪುಸ್ತಕ ಕೊಟರು. ಅದರಲಿ ಬಣದ ಹೂವಿನ ಚಿತ್ರ ನೊಡಿದೆ. ತುಂಬಾ ಇಸ್ಟ ಆಯಿತು."

ಎಂಟು ತಪ್ಪು ಇದೆ. ಆದರೆ ದೋಷ ಎಂಟಲ್ಲ, ಮೂರೇ.

ಹೊದೆ, ಟಿಚರ್, ನೊಡಿದೆ: ಮೂರರಲ್ಲೂ ದೀರ್ಘ ಬಿಟ್ಟಿದೆ. ಈಗ ಸರಿ ಇರುವುದನ್ನೂ ನೋಡಬೇಕು. ನಾನು, ಸಾಲೆ, ತುಂಬಾ, ಹೂವು ಇವುಗಳಲ್ಲಿ ದೀರ್ಘ ಸರಿಯಾಗಿದೆ. ಅಂದರೆ ಈ ಮಗುವಿಗೆ ದೀರ್ಘ ಕೇಳಿಸುತ್ತದೆ. ಇಳಿ ಮತ್ತು ಕೊಂಬಿನ ದೀರ್ಘ ಬರೆಯುತ್ತದೆ. ಕೀ, ಕೇ, ಕೋ ಮೂರಕ್ಕೂ ಕೊನೆಯಲ್ಲಿ ಪ್ರತ್ಯೇಕವಾಗಿ ಹಾಕುವ ಒಂದೇ ತರದ ದೀರ್ಘದ ಗುರುತು ಇದೆಯಲ್ಲ, ಅದನ್ನು ಮಾತ್ರ ಬಿಡುತ್ತಿದೆ.

ಕೊಟರು, ಅದರಲಿ, ಬಣದ: ಒತ್ತು ಬಿಟ್ಟಿದೆ. ಆದರೆ ಪುಸ್ತಕ, ಚಿತ್ರ ಸರಿ ಬರೆದಿದೆ. ಇಸ್ಟದಲ್ಲೂ ಒತ್ತು ಇದೆ. ಹಾಗಾದರೆ ಒತ್ತು ಬರೆಯಲು ಕೈಗೆ ಬರುತ್ತದೆ. ಒಂದೇ ಅಕ್ಷರ ಎರಡು ಸಲ ಬಂದಾಗ, ಟ್ಟ, ಲ್ಲ, ಣ್ಣ, ಅಲ್ಲಿ ಮಾತ್ರ ಎರಡನೆಯದು ಕಿವಿಗೆ ಬೀಳುತ್ತಿಲ್ಲ.

ಸಾಲೆ, ಇಸ್ಟ: ಶ, ಷ, ಸ ಮೂರೂ ಮಗುವಿಗೆ ಒಂದೇ ಆಗಿವೆ.

ನೋಡಿ, "ಎಂಟು ತಪ್ಪು" ಅಂದಾಗ ಏನೂ ತಿಳಿದಿರಲಿಲ್ಲ. ಗುಂಪು ಮಾಡಿದ ಮೇಲೆ ನಾಳೆ ಏನು ಹೇಳಿಕೊಡಬೇಕು ಎಂದು ತಿಳಿಯಿತು. ಸರಿ ಬರೆದ ಪದಗಳನ್ನು ನೋಡದೆ ಈ ಕೆಲಸ ಆಗುವುದಿಲ್ಲ. ತಪ್ಪಿನ ಗಡಿ ಎಲ್ಲಿದೆ ಎಂದು ತೋರಿಸುವುದು ಅವೇ.

ಅನುಮಾನ ಬಂದ ಮೇಲೆ ಕೂತು ಮಾಡುವ ಪರೀಕ್ಷೆ

ಗುಂಪು ಮಾಡಿದ್ದು ಅಂದಾಜು ಮಾತ್ರ. ಅದನ್ನು ಖಚಿತ ಮಾಡಿಕೊಳ್ಳಲು ಹದಿನೈದು ನಿಮಿಷ ಸಾಕು. ಮಗುವಿಗೆ ಇದು ಪರೀಕ್ಷೆ ಅನ್ನಿಸಬಾರದು, ಅಂಕ ಹಾಕಬಾರದು.

ಮೊದಲು ಕಿವಿ. ನಿಮ್ಮ ಬಾಯಿ ಮಗುವಿಗೆ ಕಾಣದ ಹಾಗೆ ಕೂತು ಜೋಡಿ ಪದಗಳನ್ನು ಹೇಳಿ. "ಕತೆ, ಕತ್ತೆ: ಎರಡೂ ಒಂದೇನಾ, ಬೇರೆನಾ?" "ಕರು, ಕಾರು." "ಹಳಿ, ಹಳ್ಳಿ." "ಅಕ್ಕಿ, ಹಕ್ಕಿ." "ಅನ್ನ, ಅಣ್ಣ." "ಹಾಲು, ಹಾಳು." ನಡುನಡುವೆ "ಮರ, ಮರ" ಎಂದು ಒಂದೇ ಪದವನ್ನೂ ಹೇಳಿ. ಇಲ್ಲದಿದ್ದರೆ ಎಲ್ಲದಕ್ಕೂ "ಬೇರೆ" ಎಂದುಬಿಡುತ್ತಾರೆ. ಎಳೆದೆಳೆದು ಹೇಳಬೇಡಿ. ಮಾತಿನಲ್ಲಿ ಬರುವ ಹಾಗೇ ಹೇಳಿ.

ಆಮೇಲೆ ಬಾಯಿ. ಅದೇ ಪದಗಳನ್ನು ಮಗು ತಿರುಗಿ ಹೇಳಲಿ. ವ್ಯತ್ಯಾಸ ಕೇಳಿಸುತ್ತದೆ, ಹೇಳುವಾಗ ಮಾತ್ರ ಒಂದೇ ಆಗುತ್ತದೆ ಎಂದರೆ ದೋಷ ಉಚ್ಚಾರಣೆಯಲ್ಲಿದೆ. ಬಹಳ ಮಕ್ಕಳು ಬರೆಯುವಾಗ ಒಳಗೊಳಗೇ ಹೇಳಿಕೊಂಡು ಬರೆಯುತ್ತಾರೆ. ಬಾಯಿ ಹೇಳಿದ್ದನ್ನೇ ಕೈ ಬರೆಯುತ್ತದೆ.

ಮೂರನೆಯದು ಅರ್ಥವಿಲ್ಲದ ಪದಗಳ ಉಕ್ತಲೇಖನ. ಗೀಮು, ಲಟ್ಟೆಪ, ನುಸ್ಕಿ, ತೋರ್ಬ, ಹೀಗೆ ನೀವೇ ಕಟ್ಟಬಹುದು. ಇದು ಈ ತಪಾಸಣೆಯಲ್ಲೇ ತುಂಬ ಬೆಲೆ ಇರುವ ಹಂತ. ಇವು ಮಗು ಎಂದೂ ನೋಡಿರದ ಪದ, ಆದ್ದರಿಂದ ಬಾಯಿಪಾಠ ಇಲ್ಲಿ ನಡೆಯುವುದಿಲ್ಲ. ಇವನ್ನು ಸರಿ ಬರೆದು, "ವಿದ್ಯಾರ್ಥಿ", "ಆಶೀರ್ವಾದ" ಮಾತ್ರ ತಪ್ಪಿದರೆ ಧ್ವನಿಯಿಂದ ಅಕ್ಷರಕ್ಕೆ ಹೋಗುವ ದಾರಿ ಚೆನ್ನಾಗಿದೆ, ಪದದ ರೂಪ ನೆನಪಿಲ್ಲ ಅಷ್ಟೇ. ಇವನ್ನೇ ತಪ್ಪಿದರೆ ಅಡಿಪಾಯದಲ್ಲೇ ಕೆಲಸ ಇದೆ.

ಕೊನೆಗೆ, ಮಗು ಬರೆದದ್ದನ್ನು ಮಗುವೇ ಓದಲಿ. "ಹೊದೆ" ಎಂದು ಬರೆದದ್ದನ್ನು "ಹೋದೆ" ಎಂದು ಓದಿಬಿಡುತ್ತದಾ? ಇಲ್ಲ, ನಿಂತು "ಅಯ್ಯೋ, ದೀರ್ಘ ಬಿಟ್ಟೆ" ಅನ್ನುತ್ತದಾ? ಎರಡನೆಯದಾದರೆ ತಿಳುವಳಿಕೆ ಇದೆ, ಬರೆಯುವ ಹೊತ್ತಿಗೆ ಜಾರುತ್ತಿದೆ. ಅದಕ್ಕೆ ಪಾಠ ಬೇಡ, ತಿದ್ದಿಕೊಳ್ಳುವ ಅಭ್ಯಾಸ ಬೇಕು.

ದೀರ್ಘ ಜಾರುತ್ತಿದ್ದರೆ

ಎಲ್ಲ ದೀರ್ಘವೂ ಬಿಟ್ಟುಹೋಗುತ್ತಿದ್ದರೆ, ಕಿವಿಯ ಪರೀಕ್ಷೆಯಲ್ಲೂ ಕರು ಮತ್ತು ಕಾರು ಒಂದೇ ಅನ್ನಿಸುತ್ತಿದ್ದರೆ, ಪೆನ್ಸಿಲ್ ಪಕ್ಕಕ್ಕಿಡಿ. ಬರಹವಿಲ್ಲದೆ ಆಡಿಸಿ. ಹ್ರಸ್ವಕ್ಕೆ ಒಂದು ಚಪ್ಪಾಳೆ, ದೀರ್ಘಕ್ಕೆ ಎರಡೂ ಕೈ ಅಗಲಿಸುವುದು. ಕೊಡು, ಕೋಡು. ಬೆಳೆ, ಬೇಳೆ. ನಡು, ನಾಡು. ಬಿಡು, ಬೀಡು. ತೊಡು, ತೋಡು. ಎರಡಕ್ಕೂ ಅರ್ಥ ಇರುವ ಜೋಡಿಗಳೇ ಇರಲಿ. ಅರ್ಥ ಬದಲಾಗುವುದು ಗೊತ್ತಾದಾಗ ಮಗುವಿಗೆ ಆ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ. "ಒಂದು ಕರು ಬಂತು" ಎಂದು ಹೇಳಿ, ಎರಡು ಚಿತ್ರದಲ್ಲಿ ಯಾವುದು ಎಂದು ಕೇಳಿ. ಕಿವಿ ಪಳಗಿದ ಮೇಲೆ ಬರಹಕ್ಕೆ ಬನ್ನಿ.

ಮೇಲಿನ ಮಾದರಿಯ ಮಗುವಿನ ತರ ಕೀ, ಕೇ, ಕೋ ಮಾತ್ರ ತಪ್ಪುತ್ತಿದ್ದರೆ ಕಿವಿಯ ಆಟ ಆಡಿಸುವುದು ಸುಮ್ನೆ ಹೊತ್ತು ಕಳೆಯುವುದು. ಆ ಗುರುತು ಅಕ್ಷರಕ್ಕೆ ಅಂಟಿಕೊಳ್ಳದೆ ಪಕ್ಕದಲ್ಲಿ ನಿಲ್ಲುತ್ತದೆ. ಬರೆಯುವ ವೇಗದಲ್ಲಿ ಕೈ ಮುಂದಿನ ಅಕ್ಷರಕ್ಕೆ ಹಾರಿರುತ್ತದೆ. ಇದಕ್ಕೆ ಕೆಲವು ವಾರ ಒಂದೇ ನಿಯಮ ಇಡಿ. ಸಾಲು ಮುಗಿದ ಕೂಡಲೇ ಬಣ್ಣದ ಪೆನ್ಸಿಲ್ ತೆಗೆದುಕೊಂಡು ಆ ಸಾಲಿನ ದೀರ್ಘಗಳನ್ನು ಮಗುವೇ ಸೇರಿಸಬೇಕು. ಗುರುತಿನ ಮೇಲೆ ಗಮನ ಕೂತ ಮೇಲೆ ಬಣ್ಣದ ಪೆನ್ಸಿಲ್ ತಾನಾಗೇ ಬೇಡವಾಗುತ್ತದೆ.

ಒತ್ತಕ್ಷರ: ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು

ಕನ್ನಡದ ಮಕ್ಕಳು ಹೆಚ್ಚು ಎಡವುವ ಜಾಗ ಇದು. ಎಡವುವುದಕ್ಕೆ ಸರಿಯಾದ ಕಾರಣಗಳೇ ಇವೆ.

ಸಜಾತಿ ಒತ್ತು, ಅಂದರೆ ಅದೇ ಅಕ್ಷರದ ಕೆಳಗೆ ಅದೇ ಅಕ್ಷರದ ಒತ್ತು, ಕಿವಿಯ ವಿಷಯ. ಕತ್ತೆ ಎನ್ನುವಾಗ ನಾಲಿಗೆ ಒಂದು ಕ್ಷಣ ತಡೆದು ನಿಲ್ಲುತ್ತದೆ. ಕತೆ ಎನ್ನುವಾಗ ನಿಲ್ಲುವುದಿಲ್ಲ. ಈ ತಡೆಯನ್ನು ಮಗುವಿಗೆ ಮುಟ್ಟಿಸಿ. "ಕತ್... ತೆ" ಎಂದು ಒಡೆದು ಹೇಳಿಸಿ. ಹಳ್... ಳಿ. ಅಕ್... ಕ. ಬಣ್... ಣ. ಎರಡು ಕೈಯಲ್ಲೂ ಒಂದೊಂದು ತುಂಡು ಹಿಡಿದ ಹಾಗೆ ತೋರಿಸಿ, ಆಮೇಲೆ ಕೂಡಿಸಿ. ಇದನ್ನು ಸರಿಯಾಗಿ ಒಡೆಯಲು ಬಂದ ಮಗು ಒತ್ತು ಬಿಡುವುದು ಬೇಗ ಕಡಿಮೆಯಾಗುತ್ತದೆ.

ವಿಜಾತಿ ಒತ್ತು ಬೇರೆಯೇ ಕತೆ. "ಶಕ್ತಿ" ಪದವನ್ನು ಹತ್ತಿರದಿಂದ ನೋಡಿ. ಕಿವಿಗೆ ಬೀಳುವ ಕ್ರಮ: ಶ, ಕ್, ತ್, ಇ. ಇ ಎಂಬ ಸ್ವರ ತ್ ಆದ ಮೇಲೆ ಬರುತ್ತದೆ. ಆದರೆ ಬರೆಯುವಾಗ ಗುಡಿಸು ಎಲ್ಲಿಗೆ ಹೋಗುತ್ತದೆ? ಮೇಲಿನ ಕ ಅಕ್ಷರಕ್ಕೆ. ತ ಒತ್ತಾಗಿ ಕೆಳಗೆ ಕೂರುತ್ತದೆ. ಕೇಳಿದ ಕ್ರಮವೇ ಒಂದು, ಬರೆಯುವ ಕ್ರಮವೇ ಇನ್ನೊಂದು. ಇದನ್ನು ಯಾರೂ ಬಿಡಿಸಿ ಹೇಳದಿದ್ದರೆ ಮಗು ಕಿವಿಯನ್ನು ನಂಬಿ "ಶಕತಿ" ಎಂದು ಬರೆಯುತ್ತದೆ. ಗಮನವಿಟ್ಟು ಕೇಳಿದ್ದರಿಂದಲೇ ಆದ ತಪ್ಪು ಅದು.

ಹೇಳಿಕೊಡಬೇಕಾದ ನಿಯಮ ಚಿಕ್ಕದು: ಮೊದಲು ಕೇಳಿದ್ದು ಮೇಲೆ, ಆಮೇಲೆ ಕೇಳಿದ್ದು ಕೆಳಗೆ, ಸ್ವರ ಮೇಲಿನದಕ್ಕೆ. ಒಂದು ಕಾಗದದಲ್ಲಿ ಮೂರು ಮನೆ ಬರೆಯಿರಿ. ಮೊದಲನೆಯದರಲ್ಲಿ ಕ್, ಎರಡನೆಯದರಲ್ಲಿ ತ್, ಮೂರನೆಯದರಲ್ಲಿ ಇ. ಪಕ್ಕದಲ್ಲಿ ಕೂಡಿಸಿ ಬರೆದ ಕ್ತಿ. ಮಗುವೇ ಹೇಳಿಕೊಂಡು ಮಾಡಲಿ. ಸ್ತೆ, ಪ್ಪು, ಷ್ಟಿ, ತ್ರೆ, ಹೀಗೆ ಬೇರೆ ಬೇರೆ ಕೂಡಿಸಲಿ. ಧ್ವನಿಗೊಂದು ಮನೆ ಬರೆದು ತುಂಬಿಸುವ ಈ ಬಗೆಯನ್ನು ರಷ್ಯಾದ ಮನಃಶಾಸ್ತ್ರಜ್ಞ ಎಲ್ಕೋನಿನ್ ಬಳಕೆಗೆ ತಂದರು. ಕನ್ನಡದ ಒತ್ತಕ್ಷರಕ್ಕೆ ಇದು ಹೇಳಿ ಮಾಡಿಸಿದಂತಿದೆ.

ಇನ್ನೊಂದು ತೊಡಕು ಒತ್ತಿನ ಆಕಾರ. ಹೆಚ್ಚಿನ ಒತ್ತುಗಳು ಮೂಲ ಅಕ್ಷರದ ಸಣ್ಣ ರೂಪ, ತಲಕಟ್ಟು ಇರುವುದಿಲ್ಲ ಅಷ್ಟೇ. ಆದರೆ ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲ ಅಕ್ಷರದ ಹಾಗೆ ಕಾಣುವುದಿಲ್ಲ. ಪದ್ಮ, ರತ್ನ, ವಾಕ್ಯ, ಚಿತ್ರ, ಎಲ್ಲ, ಹತ್ತು. ಮಗು ಈ ಆರರಲ್ಲೇ ತಪ್ಪುತ್ತಿದೆಯಾ ನೋಡಿ. ಹೌದಾದರೆ ಬೇರೆ ಏನೂ ಬೇಡ, ಈ ಆರನ್ನು ದೊಡ್ಡದಾಗಿ ಬರೆದು ಕಣ್ಣೆದುರು ಅಂಟಿಸಿ.

ಅರ್ಕಾವತ್ತು ಮೇಲಿನ ನಿಯಮವನ್ನೇ ತಿರುಗಿಸುತ್ತದೆ. ಸೂರ್ಯ ಎನ್ನುವಾಗ ರ್ ಮೊದಲು ಕೇಳಿಸುತ್ತದೆ, ಗುರುತು ಮಾತ್ರ ಯ ಬರೆದ ಮೇಲೆ ಬಲಗಡೆ ಬರುತ್ತದೆ. ಈಗ ತಾನೇ "ಮೊದಲು ಕೇಳಿದ್ದು ಮೇಲೆ" ಎಂದು ಕಲಿತ ಮಗು, ಇಲ್ಲಿ ಯ ಮೇಲೆ ಇರುವುದನ್ನು ನೋಡಿ ಗೊಂದಲವಾಗಿ "ಸೂಯ್ರ" ಎಂದು ಬರೆದರೆ ಆಶ್ಚರ್ಯ ಏನಿದೆ? ಆದ್ದರಿಂದ ಎರಡನ್ನೂ ಒಂದೇ ವಾರ ಹೇಳಿಕೊಡಬೇಡಿ. ಒತ್ತು ಗಟ್ಟಿಯಾಗಲಿ, ಆಮೇಲೆ ಅರ್ಕಾವತ್ತು. ಕರ್ಮ, ಕ್ರಮ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿಸಿ. ತೀರಾ ಕಷ್ಟವಾಗುವ ಮಗುವಿಗೆ ಸ್ವಲ್ಪ ಕಾಲ ರ ಅಕ್ಷರದ ಕೆಳಗೆ ಒತ್ತು ಕೊಟ್ಟೇ ಬರೆಯಲು ಬಿಡಬಹುದು. ಸೂರ‍್ಯ ಎಂದು ಬರೆಯುವ ರೂಢಿಯೂ ಕನ್ನಡದಲ್ಲಿ ಇದೆ, ಅದು ತಪ್ಪಲ್ಲ. ವಟ್ರಸುಳಿ ಮಾತ್ರ ಕಿವಿಗೆ ಸಿಗುವುದಿಲ್ಲ. ಕೃಷಿ ಎಂಬುದು ಕ್ರುಷಿ ಎಂದೇ ಕೇಳಿಸುತ್ತದೆ. ಕೃಷಿ, ಗೃಹ, ಹೃದಯ, ಪೃಥ್ವಿ, ಮೃಗ: ಮಕ್ಕಳಿಗೆ ಬೇಕಾಗುವ ಇಂಥ ಪದಗಳು ಕೆಲವೇ ಇವೆ. ಪಟ್ಟಿ ಮಾಡಿ ನೆನಪಿಡಿಸುವುದೇ ಸುಲಭ.

ಮಾತಾಡಿದ ಹಾಗೇ ಬರೆಯುವ ಮಗು

ಕುದ್ರೆ, ಹುಡ್ಗ, ಬರತ್ತೆ, ಹೋಗ್ತೀನಿ. ಹೀಗೆ ಬರೆಯುವ ಮಗುವಿನ ಕಾಗುಣಿತದಲ್ಲಿ ಏನೂ ದೋಷ ಇಲ್ಲ. ಕೇಳಿದ ಧ್ವನಿಯನ್ನು ಸರಿಯಾಗಿ ಅಕ್ಷರಕ್ಕೆ ಇಳಿಸಿದೆ. ಒತ್ತು ಕೂಡ ಸರಿ ಕೂರಿಸಿದೆ. ಮಾತಿನ ರೂಪ ಬೇರೆ, ಪುಸ್ತಕದ ರೂಪ ಬೇರೆ ಎನ್ನುವುದು ಗೊತ್ತಿಲ್ಲ ಅಷ್ಟೇ. ಇದನ್ನು ಕಾಗುಣಿತ ತಪ್ಪು ಎಂದು ಕೆಂಪು ಗೆರೆ ಎಳೆಯುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. "ನಾವು ಕುದ್ರೆ ಅಂತೀವಿ, ಪುಸ್ತಕದಲ್ಲಿ ಕುದುರೆ ಅಂತ ಇರುತ್ತೆ" ಎಂದು ಎರಡನ್ನೂ ಪಕ್ಕದಲ್ಲಿ ಬರೆದು ತೋರಿಸಿ. ದಿನಾ ಹತ್ತು ನಿಮಿಷ ಗಟ್ಟಿಯಾಗಿ ಪುಸ್ತಕ ಓದಿದರೆ ಇದು ಬೇಗ ಸರಿಹೋಗುತ್ತದೆ.

ಹ ಬಿಟ್ಟು "ಆಲು" ಎಂದು ಬರೆಯುವುದು, ಶಾಲೆಯನ್ನು ಸಾಲೆ ಎನ್ನುವುದು, ಳ ಇರುವಲ್ಲಿ ಲ ಬರೆಯುವುದು, ಇವು ಹಲವು ಸಲ ಮನೆಮಾತಿನಿಂದ ಬರುತ್ತವೆ. ಆ ಮಾತಿನಲ್ಲಿ ಏನೂ ಕೊರತೆ ಇಲ್ಲ. ಮಗುವಿನ ಮನೆಮಾತನ್ನು ಎಲ್ಲರ ಮುಂದೆ ತಿದ್ದಿ ನಗಬೇಡಿ. ಆ ಮೇಲೆ ಅದು ಬಾಯಿ ತೆರೆಯುವುದೇ ಇಲ್ಲ. ಇನ್ನೊಂದು ಅಪಾಯವೂ ಇದೆ. ಹ ಬಿಡಬೇಡ ಎಂದು ಪದೇಪದೇ ಗದರಿಸಿದರೆ ಮಗು ಇಲ್ಲದ ಕಡೆಯೂ ಹ ಹಾಕುತ್ತದೆ. ಆಸೆ "ಹಾಸೆ" ಆಗುತ್ತದೆ. ಅಕ್ಕಿ, ಹಕ್ಕಿ. ಹಾಲು, ಹಾಳು. ಕಲೆ, ಕಳೆ. ಇಂಥ ಜೋಡಿಗಳಿಂದಲೇ ಹೋಗಿ. ಒಂದು ಸಹಾಯದ ಮಾತು: ಕನ್ನಡದಲ್ಲಿ ಪದಗಳು ಣ ಅಥವಾ ಳ ಅಕ್ಷರದಿಂದ ಶುರುವಾಗುವುದಿಲ್ಲ. ಹಾಗಾಗಿ ಪದದ ಮೊದಲಲ್ಲಿ ಈ ಅನುಮಾನವೇ ಬೇಡ.

ಮಹಾಪ್ರಾಣ, ಶ ಷ ಸ: ಕಿವಿಯಿಂದ ಸಿಗದ ತಪ್ಪುಗಳು

"ಬಾರತ", "ವಿದ್ಯಾರ್ತಿ" ಎಂದು ಬರೆಯುವ ಮಗುವಿಗೆ "ಸರಿಯಾಗಿ ಕೇಳಿಸಿಕೊ" ಎನ್ನುತ್ತೇವೆ. ಕೇಳಿಸಿಕೊಂಡರೂ ಏನೂ ಸಿಗುವುದಿಲ್ಲ. ದಿನದ ಮಾತಿನಲ್ಲಿ ಹೆಚ್ಚಿನವರು ಮಹಾಪ್ರಾಣವನ್ನು ಉಚ್ಚರಿಸುವುದೇ ಇಲ್ಲ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಇದೇ ಕಾರಣ ಕೊಟ್ಟು ಕನ್ನಡ ಬರಹಕ್ಕೆ ಮಹಾಪ್ರಾಣ ಬೇಡ ಎಂದೇ ವಾದಿಸಿದವರು. ಆ ವಾದ ಒಪ್ಪುವುದು ಬಿಡುವುದು ಬೇರೆ ಮಾತು. ಪರೀಕ್ಷೆ ಬರೆಯುವ ಮಗುವಿಗೆ ಸದ್ಯಕ್ಕೆ ಇರುವ ಬರಹವೇ ಬೇಕು. ಆದರೆ ಇದು ಕಣ್ಣಿನ ನೆನಪಿನ ಕೆಲಸ ಎನ್ನುವುದು ನಮಗೆ ಗೊತ್ತಿರಬೇಕು. ಉಕ್ತಲೇಖನದಿಂದ ಇದನ್ನು ಕಲಿಸಲು ಆಗುವುದಿಲ್ಲ.

ಇಲ್ಲಿ ಎರಡು ತರದ ಮಕ್ಕಳು ಸಿಗುತ್ತಾರೆ. ಒಬ್ಬರು ಎಲ್ಲ ಕಡೆ ಮಹಾಪ್ರಾಣ ಬಿಡುತ್ತಾರೆ. ಇನ್ನೊಬ್ಬರು ಬೈಸಿಕೊಂಡು ಬೈಸಿಕೊಂಡು ಬೇಡದ ಕಡೆ ಹಾಕುತ್ತಾರೆ: ಧೂರ, ಧೊಡ್ಡ, ಭೇಕು. ಎರಡನೆಯವರಿಗೆ ಹೇಳಬೇಕಾದದ್ದು, "ದಿನಾ ಆಡುವ ಕನ್ನಡದ ಪದಗಳಲ್ಲಿ ಮಹಾಪ್ರಾಣ ಬರುವುದು ತೀರಾ ಕಡಿಮೆ, ಅನುಮಾನ ಬಂದರೆ ಹಾಕಬೇಡ." ಇದರಿಂದ ಅರ್ಧ ತಪ್ಪು ನಿಲ್ಲುತ್ತದೆ. ಉಳಿದದ್ದಕ್ಕೆ ಒಂದೇ ಮೂಲದ ಪದಗಳನ್ನು ಒಟ್ಟಿಗೆ ಕಲಿಸಿ. ಧನ, ಧನಿಕ, ನಿಧನ ಎಂದು ಅಕ್ಷರ ನೋಡಿ ಸೇರಿಸಬೇಡಿ, ಅರ್ಥವೂ ಕೂಡಬೇಕು: ವಿದ್ಯೆ, ವಿದ್ಯಾರ್ಥಿ, ವಿದ್ಯಾಲಯ. ವಿದ್ಯೆಯಲ್ಲಿ ಧ ಇಲ್ಲ ಎಂದು ಗಟ್ಟಿಯಾದರೆ "ವಿಧ್ಯಾರ್ಥಿ" ಎಂದೂ ಬರುವುದಿಲ್ಲ. ಅರ್ಥ, ಅರ್ಥಿ, ಪ್ರಾರ್ಥನೆ ಇವುಗಳ ಥ ಹಾಗೆಯೇ. ಹಾರ್ದಿಕ, ಶುಭಾಶಯ, ಅದ್ಭುತ, ಉಚ್ಚಾರಣೆ ಇವನ್ನು ದೊಡ್ಡವರೂ ಬೋರ್ಡುಗಳಲ್ಲಿ ತಪ್ಪು ಬರೆದಿರುತ್ತಾರೆ. ಮಗು ಅದನ್ನೇ ನೋಡಿ ಕಲಿತಿರಬಹುದು. ಆದ್ದರಿಂದ ಇವನ್ನು ಬೇರೆ ಪಟ್ಟಿಯಲ್ಲಿ ಇಡುವುದು ಒಳ್ಳೆಯದು.

ಶ, ಷ, ಸ ವಿಷಯದಲ್ಲಿ ಒಂದು ನಿಯಮ ತುಂಬಾ ಉಪಕಾರಿ. ಒತ್ತಿನಲ್ಲಿ ಚ ಇದ್ದರೆ ಮೇಲೆ ಶ ಬರುತ್ತದೆ: ಆಶ್ಚರ್ಯ, ನಿಶ್ಚಯ. ಟ, ಠ, ಣ ಇದ್ದರೆ ಷ: ಕಷ್ಟ, ಇಷ್ಟ, ಶ್ರೇಷ್ಠ, ಉಷ್ಣ. ತ, ಥ ಇದ್ದರೆ ಸ: ಪುಸ್ತಕ, ರಸ್ತೆ, ಸ್ಥಳ. ಕಾರಣ ಬಾಯಲ್ಲೇ ಇದೆ. ಟ ಎನ್ನುವಾಗ ನಾಲಿಗೆ ಮಡಚಿಕೊಳ್ಳುತ್ತದೆ, ಷ ಕೂಡ ಅಲ್ಲಿಂದಲೇ ಹುಟ್ಟುತ್ತದೆ. ಮಗು "ಷ್ಟ" ಎಂದು ನಿಧಾನವಾಗಿ ಹೇಳಿ ತನ್ನ ನಾಲಿಗೆ ಎಲ್ಲಿದೆ ಎಂದು ತಾನೇ ಗಮನಿಸಲಿ. ಇಂಗ್ಲಿಷಿನಿಂದ ಬಂದ ಪೋಸ್ಟ್, ಲಿಸ್ಟ್ ಮಾತ್ರ ಸ ಇಟ್ಟುಕೊಳ್ಳುತ್ತವೆ, ಅದನ್ನು ಬೇರೆ ಹೇಳಿ. ಣ ವಿಷಯದಲ್ಲೂ ಒಂದು ಸುಳಿವು ಇದೆ. ಸಂಸ್ಕೃತದಿಂದ ಬಂದ ಪದದಲ್ಲಿ ಹಿಂದೆ ರ ಅಥವಾ ಷ ಇದ್ದರೆ ಮುಂದೆ ನ ಬದಲು ಣ ಬರುವುದು ಜಾಸ್ತಿ: ಕಾರಣ, ಪುರಾಣ, ಭಾಷಣ. ಗಗನ, ಜೀವನ, ಭೋಜನದಲ್ಲಿ ರ, ಷ ಇಲ್ಲ, ನ ಹಾಗೇ ಉಳಿಯಿತು. ದರ್ಶನದ ತರದ ಅಪವಾದಗಳು ಇವೆ. ಅವು ಎದುರಾದಾಗ ಹೇಳಿದರೆ ಸಾಕು.

ಅಕ್ಷರದ ಆಕಾರ ಅದಲುಬದಲಾದರೆ

ನ ಮತ್ತು ಸ, ಬ ಮತ್ತು ಭ, ಪ ಮತ್ತು ಷ, ದ ಮತ್ತು ಧ. ಇದು ಕಣ್ಣಿನ ಗೊಂದಲವಾ, ಧ್ವನಿಯ ಗೊಂದಲವಾ ಎಂದು ತಿಳಿಯಲು ಓದಿಸಿ ನೋಡಿ. ಒಂಟಿ ಅಕ್ಷರ ತೋರಿಸಿದಾಗಲೂ ನ ಬದಲು ಸ ಎಂದರೆ ಕಣ್ಣಿನದು. ಎರಡನ್ನೂ ಒಟ್ಟಿಗೆ ಕಲಿಸದೆ, ಒಂದು ಗಟ್ಟಿಯಾದ ಮೇಲೆ ಇನ್ನೊಂದು ತನ್ನಿ. ಬೆರಳಿಂದ ದೊಡ್ಡದಾಗಿ ಬರೆಸಿ, ಹೆಸರು ಹೇಳಿಕೊಂಡೇ ಬರೆಯಲಿ.

ಉಕ್ತಲೇಖನದಲ್ಲಿ ಸರಿ, ಪ್ರಬಂಧದಲ್ಲಿ ತಪ್ಪು

ಇದು ಬಹಳ ಜನರನ್ನು ಸಿಟ್ಟಿಗೆಬ್ಬಿಸುವ ಲಕ್ಷಣ. "ನಿನ್ನೆ ಸರಿ ಬರೆದೆ, ಇವತ್ತು ಏನಾಯ್ತು?" ನಿನ್ನೆ ಮಗುವಿಗೆ ಇದ್ದದ್ದು ಒಂದೇ ಕೆಲಸ. ಪ್ರಬಂಧದಲ್ಲಿ ಏನು ಹೇಳಬೇಕು, ವಾಕ್ಯ ಹೇಗೆ ಕಟ್ಟಬೇಕು, ಕೈಬರಹ ಹೇಗಿರಬೇಕು, ಎಲ್ಲವನ್ನೂ ಒಟ್ಟಿಗೆ ನೋಡಬೇಕು. ಇನ್ನೂ ಗಟ್ಟಿಯಾಗದ ಕಾಗುಣಿತವೇ ಮೊದಲು ಜಾರುವುದು. ಅದಕ್ಕೆ ಬರೆಯುವುದನ್ನೂ ತಿದ್ದುವುದನ್ನೂ ಬೇರೆ ಮಾಡಿ. ಬರೆಯುವಾಗ ಕಾಗುಣಿತದ ಮಾತೇ ಬೇಡ. ಮುಗಿದು ಸ್ವಲ್ಪ ಹೊತ್ತಾದ ಮೇಲೆ ಮಗು ತನ್ನ ಬರಹವನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದಲಿ. ಹಾಗೆ ಓದಿದರೆ ಅರ್ಥದ ಓಟ ತಪ್ಪುತ್ತದೆ, ಅಕ್ಷರಗಳು ಕಾಣುತ್ತವೆ. ಒಮ್ಮೆಗೆ ಒಂದೇ ಗುಂಪಿನ ತಪ್ಪು ಹುಡುಕಲಿ. "ಈ ಸಾಲಲ್ಲಿ ಒಂದು ದೀರ್ಘ ಜಾರಿದೆ, ಹುಡುಕು" ಎಂದರೆ ಮಗುವೇ ಹುಡುಕುತ್ತದೆ. ನೀವೇ ತಿದ್ದಿಕೊಟ್ಟರೆ ಕಲಿತವರು ನೀವು.

ಅಭ್ಯಾಸ ಹೇಗಿರಬೇಕು

ಹತ್ತು ಸಲ ಬರೆಯುವುದರ ತೊಂದರೆ ಏನೆಂದರೆ, ಎರಡನೆಯ ಸಲದಿಂದ ಮಗು ಮೇಲಿನ ಸಾಲು ನೋಡಿ ನಕಲು ಮಾಡುತ್ತದೆ. ನೆನಪಿಗೆ ಕೆಲಸವೇ ಇಲ್ಲ. ಕೆಲವರು ಮೊದಲು ಹತ್ತು ಸಲ ಮೊದಲ ಅಕ್ಷರ, ಆಮೇಲೆ ಹತ್ತು ಸಲ ಎರಡನೆಯ ಅಕ್ಷರ ಎಂದು ಕಂಬದ ಹಾಗೆ ಬರೆದು ಮುಗಿಸುತ್ತಾರೆ. ಅಲ್ಲಿ ಪದವೇ ಇರುವುದಿಲ್ಲ.

ಅದರ ಬದಲು: ನೋಡು, ಗಟ್ಟಿಯಾಗಿ ಹೇಳು, ಮುಚ್ಚು, ಬರೆ, ತೆಗೆದು ತಾಳೆ ನೋಡು. ಮುಚ್ಚುವ ಹಂತವೇ ಇದರ ಜೀವ. ನೆನಪಿನಿಂದ ಹೊರಗೆ ತೆಗೆಯುವ ಪ್ರಯತ್ನವೇ ನೆನಪನ್ನು ಗಟ್ಟಿ ಮಾಡುತ್ತದೆ. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಸಂಶೋಧಕರು 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಓದಿ ನೆನಪು ಮಾಡಿಕೊಂಡು ಬರೆದವರಿಗೆ ಒಂದು ವಾರದ ನಂತರ ಜಾಸ್ತಿ ಉಳಿದಿತ್ತು. ಪದಗಳಿಗೂ ಇದೇ ದಾರಿ ಚೆನ್ನಾಗಿ ನಡೆಯುತ್ತದೆ. ದಿನಕ್ಕೆ ಐದು ಪದ ಸಾಕು. ಅವೇ ಪದ ಮರುದಿನ ಒಮ್ಮೆ, ಎರಡು ಮೂರು ದಿನ ಬಿಟ್ಟು ಒಮ್ಮೆ, ವಾರದ ಕೊನೆಗೆ ಒಮ್ಮೆ ಬರಲಿ. ಐದೂ ಒಂದೇ ಗುಂಪಿನವು ಇರಲಿ. ಸಜಾತಿ ಒತ್ತಿನ ವಾರದಲ್ಲಿ ಮಹಾಪ್ರಾಣ ತಪ್ಪಿದರೆ ಸರಿ ರೂಪ ಮೇಲೆ ಬರೆದು ಮುಂದೆ ಹೋಗಿ, ಅದಕ್ಕೆ ಮಾತು ಬೇಡ.

ಇಂಗ್ಲಿಷಿನಲ್ಲಿ ಮಾತ್ರ ತೊಂದರೆ ಇದ್ದರೆ

ಕನ್ನಡ ಚೆನ್ನಾಗಿ ಬರೆಯುವ ಮಗು ಇಂಗ್ಲಿಷ್ ಸ್ಪೆಲಿಂಗ್ ಮಾತ್ರ ತಪ್ಪುತ್ತಿದ್ದರೆ ಕಿವಿ, ನೆನಪಿನ ದೋಷ ಹುಡುಕುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. 26 ಅಕ್ಷರಗಳಿಂದ ಸುಮಾರು 44 ಧ್ವನಿ ಬರೆಯಬೇಕಾದ ಭಾಷೆ ಅದು. ಕೇಳಿದ್ದನ್ನು ಬರೆಯುವ ಕನ್ನಡದ ಅಭ್ಯಾಸ ಅಲ್ಲಿ ಪೂರ್ತಿ ನಡೆಯುವುದಿಲ್ಲ. ಒಂದೇ ತರದ ಕೊನೆ ಇರುವ ಪದಗಳನ್ನು ಒಟ್ಟಿಗೆ ಕಲಿಸಿ. ಎರಡು ಭಾಷೆಯ ತಪ್ಪನ್ನು ಒಂದೇ ದಿನ ಹಿಡಿಯಬೇಡಿ.

ಮನೆಯಲ್ಲಿ, ತರಗತಿಯಲ್ಲಿ ಸರಿಹೋಗದಿದ್ದರೆ

ಮೊದಲು ಕಿವಿ ಮತ್ತು ಕಣ್ಣಿನ ಡಾಕ್ಟರು. ಪದೇಪದೇ ಶೀತವಾಗಿ ಕಿವಿ ಸೋರುವ ಮಕ್ಕಳಿಗೆ ಕೆಲವು ಕಾಲ ಸರಿಯಾಗಿ ಕೇಳಿಸದೇ ಇರಬಹುದು. ಮಾತಿನಲ್ಲಿ ತೊಂದರೆ ಕಾಣುವುದಿಲ್ಲ, ಸೂಕ್ಷ್ಮ ವ್ಯತ್ಯಾಸ ಮಾತ್ರ ತಪ್ಪಿಹೋಗುತ್ತದೆ. ಏಳು ವರ್ಷ ದಾಟಿಯೂ ರ ಬದಲು ಲ, ಕ ಬದಲು ತ ಎನ್ನುವ ಮಗುವನ್ನು ಮಾತಿನ ಚಿಕಿತ್ಸಕರಿಗೆ ತೋರಿಸಿ. ಬರಹ ಆಮೇಲೆ.

ಕಿವಿ, ಕಣ್ಣು ಸರಿ ಇವೆ. ಕೆಲವು ತಿಂಗಳು ಮೇಲೆ ಹೇಳಿದ ರೀತಿ ನಿಯಮಿತವಾಗಿ ಕಲಿಸಿದ್ದೀರಿ. ಆದರೂ ನಿನ್ನೆ ಬಂದ ಅಕ್ಷರ ಇವತ್ತು ಇಲ್ಲ. ಓದುವುದೂ ತಡವರಿಸಿಕೊಂಡೇ. ಬಾಯಲ್ಲಿ ಕೇಳಿದರೆ ಪಟಪಟ ಉತ್ತರ, ಬರೆ ಎಂದರೆ ಎರಡು ಸಾಲು. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೇ ಆಗಿತ್ತು. ಈ ಲಕ್ಷಣಗಳು ಸೇರಿ ಬಂದರೆ ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ಕಲಿಯುವುದರಲ್ಲೇ ಇರುವ ತೊಂದರೆ, ಇರಬಹುದು. ಅದಕ್ಕೂ ಬುದ್ಧಿಗೂ ಸಂಬಂಧ ಇಲ್ಲ. ಓದು ಚೆನ್ನಾಗಿದ್ದು ಬರಹ ಮಾತ್ರ ಕೆಡುವ ಮಕ್ಕಳೂ ಇದ್ದಾರೆ. ಮನಃಶಾಸ್ತ್ರಜ್ಞೆ ಊಟಾ ಫ್ರಿತ್ 1980ರಲ್ಲೇ ಇಂಥ ಮಕ್ಕಳ ಬಗ್ಗೆ ಬರೆದಿದ್ದರು. ಹಾಗಾಗಿ "ಓದುತ್ತದಲ್ಲ, ಬರೆಯೋಕೇನು" ಎಂದು ತಳ್ಳಿಹಾಕಬೇಡಿ.

ಕಲಿಕೆಯ ತೊಂದರೆ ನೋಡುವ ತಜ್ಞರ ಬಳಿ ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಮಗು ತಾನಾಗೇ ಬರೆದ ನಾಲ್ಕೈದು ಪುಟ, ತಾರೀಕು ಹಾಕಿದ್ದು, ತಿದ್ದದೆ ಹಾಗೇ ಇರುವುದು, ಜೊತೆಗಿರಲಿ. ನೀವು ಮಾಡಿದ ಗುಂಪುಗಳ ಪಟ್ಟಿ, ಅರ್ಥವಿಲ್ಲದ ಪದಗಳ ಉಕ್ತಲೇಖನ, ಯಾವ ಗುಂಪಿಗೆ ಏನು ಮಾಡಿಸಿದಿರಿ, ಏನು ಬದಲಾಯಿತು, ಏನು ಆಗಲಿಲ್ಲ, ಅದನ್ನೂ ಬರೆದುಕೊಂಡು ಹೋಗಿ. ಪರೀಕ್ಷೆಯ ವರದಿ ಬಂದ ಮೇಲೆ ಅದರ ಒಂದು ಪ್ರತಿ ಮಗುವಿನ ಕನ್ನಡ ಟೀಚರಿಗೂ ಕೊಡಿ. ಉತ್ತರ ಪತ್ರಿಕೆಯಲ್ಲಿ ವಿಷಯಕ್ಕೆ ಬೇರೆ, ಕಾಗುಣಿತಕ್ಕೆ ಬೇರೆ ಅಂಕ ಕೊಡಲು ಆಗುತ್ತದಾ ಎಂದು ಆಗಲೇ ಕೇಳಿಬಿಡಿ.